ಓಲೆ ಒಂದೇ ಥರ, ರೇಟು ಯಾಕೆ ಬೇರೆ? ವಜ್ರ ಕೊಳ್ಳುವವರಿಗೆ ಹಂತ ಹಂತವಾಗಿ

ಮದುವೆ ಸೀಸನ್ ಹತ್ತಿರ ಬಂತು ಅಂದ್ರೆ ನನಗೆ ಬರುವ ಪ್ರಶ್ನೆ ಒಂದೇ. "ಒಂದು ಅಂಗಡಿಯಲ್ಲಿ ಏಳು ಕಲ್ಲಿನ ಓಲೆಗೆ ಒಂದು ರೇಟು ಹೇಳಿದರು. ಎರಡು ಅಂಗಡಿ ಆಚೆ ಅದೇ ತೂಕಕ್ಕೆ ಒಂದೂವರೆ ಪಟ್ಟು ಹೇಳಿದರು. ಮೋಸ ಮಾಡ್ತಿರೋದು ಯಾರು?"

ಬಹಳ ಸಲ ಯಾರೂ ಅಲ್ಲ. ಚಿನ್ನಕ್ಕೆ ಇವತ್ತಿನ ರೇಟು ಅಂತ ಒಂದಿರುತ್ತದೆ, ಗ್ರಾಂ ಲೆಕ್ಕಕ್ಕೆ ಗುಣಿಸಿದರೆ ಮುಗಿಯಿತು. ವಜ್ರಕ್ಕೆ ಹಾಗಿಲ್ಲ. ಒಂದೇ ತೂಕದ ಎರಡು ಹರಳುಗಳ ನಡುವೆ ಬೆಲೆ ಎರಡು ಮೂರು ಪಟ್ಟು ಬೇರೆ ಇರಬಹುದು. ಆ ವ್ಯತ್ಯಾಸದಲ್ಲಿ ಸ್ವಲ್ಪ ಭಾಗ ಬರಿಗಣ್ಣಿಗೆ ಕಾಣುತ್ತದೆ, ಉಳಿದದ್ದು ಕಾಗದದ ಮೇಲೆ ಮಾತ್ರ. ಯಾವುದು ಕಾಣುತ್ತದೆ, ಯಾವುದು ಕಾಣಲ್ಲ ಅನ್ನೋದು ಗೊತ್ತಿದ್ದರೆ ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಉಳಿಸಬೇಕು ಅಂತ ನೀವೇ ತೀರ್ಮಾನ ಮಾಡಬಹುದು.

ಅಂಗಡಿಗೆ ಹೋಗುವಾಗ ಮೂರು ಸಾಮಾನು ಜೊತೆಗಿರಲಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೂಪ್, ಅಂದರೆ ಅಕ್ಕಸಾಲಿಗರು ಕಣ್ಣಿಗೆ ಹಿಡಿದುಕೊಳ್ಳುವ ಪುಟ್ಟ ಭೂತಕನ್ನಡಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ಬಿಳಿ ಹಾಳೆ. ಮತ್ತೆ ಇಂಟರ್ನೆಟ್ ಇರುವ ಫೋನು. ಇನ್ನೊಂದು ಬೇಕು, ಅದು ಸಮಯ. ಮುಹೂರ್ತಕ್ಕೆ ನಾಲ್ಕು ದಿನ ಇಟ್ಟುಕೊಂಡು ವಜ್ರ ಕೊಳ್ಳಲು ಹೋಗಬೇಡಿ.

1. ಮೊದಲು ಅದು ಏನು ಅಂತ ಕೇಳಿ

ಹೊಳೆಯುವುದರಲ್ಲಿ ನಾಲ್ಕು ಬಗೆ ಇವೆ. ಗಣಿಯಿಂದ ಬಂದ ನೈಸರ್ಗಿಕ ವಜ್ರ. ಲ್ಯಾಬಿನಲ್ಲಿ ಬೆಳೆಸಿದ ವಜ್ರ. ಮಾಯ್ಸನೈಟ್. ಕೊನೆಗೆ ನಾವು 'ಅಮೆರಿಕನ್ ಡೈಮಂಡ್' ಅನ್ನುವ ಕ್ಯೂಬಿಕ್ ಜಿರ್ಕೋನಿಯಾ.

ಕೊನೆಯ ಎರಡು ವಜ್ರವೇ ಅಲ್ಲ. ಲ್ಯಾಬ್ ವಜ್ರ ಮಾತ್ರ ನಕಲಿ ಅಲ್ಲ, ಅದೂ ಅದೇ ಇಂಗಾಲ, ಅದೇ ಗಟ್ಟಿತನ. ಸಿವಿಡಿ ಅಥವಾ ಎಚ್‌ಪಿಎಚ್‌ಟಿ ಅನ್ನುವ ವಿಧಾನದಲ್ಲಿ ಅದನ್ನು ಯಂತ್ರದೊಳಗೆ ಬೆಳೆಸುತ್ತಾರೆ. ಆದರೆ ಬೆಲೆ ನೈಸರ್ಗಿಕ ವಜ್ರದ ಒಂದು ಸಣ್ಣ ಪಾಲು. ಬೇಕಾದಷ್ಟು ಬೆಳೆಸಬಹುದಾದ್ದರಿಂದ ಕೆಲವು ವರ್ಷಗಳಲ್ಲಿ ಬೆಲೆ ಇಳಿಯುತ್ತಲೇ ಬಂದಿದೆ. ಹಾಕಿಕೊಳ್ಳೋದಕ್ಕೆ ಚೆನ್ನಾಗಿದೆ. ಮುಂದೆ ಕಷ್ಟಕಾಲಕ್ಕೆ ಆಗುತ್ತದೆ ಅಂತ ಮಾತ್ರ ಅದನ್ನು ಕೊಳ್ಳಬೇಡಿ.

ಇಲ್ಲಿ ಜನ ಎಡವುವುದು ಪೆನ್ನಿನಂಥ ಟೆಸ್ಟರಿನಲ್ಲಿ. ಅಂಗಡಿಯವರು ಅದನ್ನು ಹರಳಿಗೆ ತಾಗಿಸುತ್ತಾರೆ, ಅದು ಕೀ ಅನ್ನುತ್ತದೆ, "ನೋಡಿ, ಅಸಲಿ" ಅನ್ನುತ್ತಾರೆ. ಹರಳು ಎಷ್ಟು ಬೇಗ ಶಾಖ ಎಳೆದುಕೊಳ್ಳುತ್ತದೆ ಅಂತ ಮಾತ್ರ ಈ ಟೆಸ್ಟರ್ ನೋಡುತ್ತದೆ. ಲ್ಯಾಬ್ ವಜ್ರವೂ ಅದರಲ್ಲಿ ಪಾಸ್. ಶಾಖ ಮಾತ್ರ ನೋಡುವ ಟೆಸ್ಟರಿನಲ್ಲಿ ಮಾಯ್ಸನೈಟ್ ಕೂಡ ಪಾಸ್. ಬಾಯಿಂದ ಹಬೆ ಊದಿ ನೋಡುವುದು, ಗಾಜಿನ ಮೇಲೆ ಗೀರುವುದು, ಇವನ್ನೂ ನಂಬಬೇಡಿ. ಲ್ಯಾಬಿನದೋ ಗಣಿಯದೋ ಅಂತ ಹೇಳಲು ದೊಡ್ಡ ಯಂತ್ರಗಳೇ ಬೇಕು. ನಿಮ್ಮ ಕೈಲಿ ಆಗುವುದು ಇಷ್ಟು: ಬಿಲ್ಲಿನಲ್ಲಿ 'ನೈಸರ್ಗಿಕ ವಜ್ರ' ಅಂತ ಬರೆಸಿಕೊಳ್ಳುವುದು. ಬರೆಯಲು ಹಿಂದೆಮುಂದೆ ನೋಡಿದರೆ ನೀವೂ ಹಿಂದೆಮುಂದೆ ನೋಡಿ.

2. ಕಾಗದ ಯಾರದು?

ವಜ್ರದ ದರ್ಜೆ ಹೇಳುವ ವರದಿಗೆ ಎಲ್ಲರೂ ಸರ್ಟಿಫಿಕೇಟ್ ಅನ್ನುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಎರಡು. ಒಂದು ಜಿಐಎ, 1931ರಲ್ಲಿ ಅಮೆರಿಕದಲ್ಲಿ ಶುರುವಾದ ಸಂಸ್ಥೆ. ಇವತ್ತು ಜಗತ್ತಿನ ವ್ಯಾಪಾರಿಗಳೆಲ್ಲ ಬಳಸುವ ದರ್ಜೆಯ ಭಾಷೆ ಅದರದೇ. ಇನ್ನೊಂದು ಐಜಿಐ, 1975ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಹುಟ್ಟಿದ್ದು. ಇದು ಆಭರಣದಲ್ಲಿ ಕೂರಿಸಿದ ವಜ್ರಕ್ಕೂ ವರದಿ ಕೊಡುತ್ತದೆ. ಜಿಐಎ ಬಿಡಿ ಹರಳಿಗೆ ಮಾತ್ರ ದರ್ಜೆ ಕೊಡುತ್ತದೆ. ಕೂರಿಸಿದ ಮೇಲೆ ಕೊಟ್ಟ ದರ್ಜೆ ಎಷ್ಟಿದ್ದರೂ ಒಂದು ಅಂದಾಜು, ಯಾಕಂದ್ರೆ ಚಿನ್ನ ಅರ್ಧ ಹರಳನ್ನು ಮುಚ್ಚಿರುತ್ತದೆ.

ಅಂಗಡಿಯವರೇ ಅಚ್ಚು ಹಾಕಿಸಿದ ಬಂಗಾರದ ಅಂಚಿನ ಕಾರ್ಡು ಸರ್ಟಿಫಿಕೇಟ್ ಅಲ್ಲ. ನನ್ನ ಮೊದಲ ವಜ್ರದ ಉಂಗುರಕ್ಕೆ ಸಿಕ್ಕಿದ್ದು ಅದೇ. ಹತ್ತು ವರ್ಷ ಲಾಕರಿನಲ್ಲಿ ಜೋಪಾನವಾಗಿಟ್ಟಿದ್ದೆ. ಬದಲಾಯಿಸಲು ಬೇರೆ ಅಂಗಡಿಗೆ ಹೋದಾಗ ಅವರು ಅದನ್ನು ಓದಲೂ ಇಲ್ಲ.

ನೀವು ಮಾಡಬೇಕಾದ್ದು: ವರದಿಯ ನಂಬರನ್ನು ಆಯಾ ಸಂಸ್ಥೆಯ ವೆಬ್‌ಸೈಟಿನಲ್ಲಿ, ನಿಮ್ಮ ಫೋನಿನಲ್ಲೇ ಹಾಕಿ ನೋಡಿ. ಅಲ್ಲಿ ಬಂದ ತೂಕ, ಅಳತೆ, ಬಣ್ಣ ಎಲ್ಲ ಕೈಲಿರುವ ಕಾಗದಕ್ಕೆ ಹೊಂದಬೇಕು. ಆಮೇಲೆ ಹರಳಿನ ನಡು ಅಂಚನ್ನು ಲೂಪಿನಲ್ಲಿ ನೋಡಿ. ಈ ಅಂಚಿಗೆ ಗರ್ಡಲ್ ಅನ್ನುತ್ತಾರೆ, ಹರಳಿನ ಸೊಂಟ ಅಂದುಕೊಳ್ಳಿ. ಎಷ್ಟೋ ಹರಳುಗಳಲ್ಲಿ ಅಲ್ಲಿ ಲೇಸರಿನಿಂದ ಅದೇ ನಂಬರು ಕೆತ್ತಿರುತ್ತಾರೆ. ಕೆತ್ತಿರುವ ನಂಬರು ಹೊಂದದಿದ್ದರೆ ಕಾಗದ ಒಂದು ಹರಳಿನದು, ಕೈಯಲ್ಲಿರುವುದು ಇನ್ನೊಂದು.

ಲ್ಯಾಬ್ ವಜ್ರ ಕೊಳ್ಳುವವರಿಗೆ ಒಂದು ಮಾತು. 2025ರ ಅಕ್ಟೋಬರಿನಿಂದ ಜಿಐಎ ಲ್ಯಾಬ್ ವಜ್ರಕ್ಕೆ ಹಳೇ ಅಕ್ಷರದ ದರ್ಜೆ (ಅದೇನು ಅಂತ ಮುಂದೆ 5, 6ರಲ್ಲಿ ಇದೆ) ಕೊಡುವುದನ್ನು ನಿಲ್ಲಿಸಿ 'ಪ್ರೀಮಿಯಂ', 'ಸ್ಟ್ಯಾಂಡರ್ಡ್' ಅಂತ ಎರಡೇ ಗುಂಪು ಮಾಡಿದೆ.

3. ತೂಕ: ಇಲ್ಲಿ ಎರಡು ಬಲೆ ಇವೆ

ಮೊದಲನೆಯದು ಹೆಸರಿನದು. ಚಿನ್ನದ ಕ್ಯಾರೆಟ್ ಅಂದ್ರೆ ಶುದ್ಧತೆ, ವಜ್ರದ ಕ್ಯಾರೆಟ್ ಅಂದ್ರೆ ತೂಕ. '18 ಕ್ಯಾರೆಟ್ ಡೈಮಂಡ್ ರಿಂಗ್' ಅಂದ್ರೆ 18 ಕ್ಯಾರೆಟ್ ಚಿನ್ನದಲ್ಲಿ ಕೂರಿಸಿದ ವಜ್ರ ಅಷ್ಟೇ. ವಜ್ರದ ಒಂದು ಕ್ಯಾರೆಟ್ 0.2 ಗ್ರಾಂ. ಅದರ ನೂರರಲ್ಲಿ ಒಂದು ಪಾಲು ಒಂದು ಸೆಂಟ್. ಅಂಗಡಿಯಲ್ಲಿ "ಇಪ್ಪತ್ತು ಸೆಂಟ್ಸ್" ಅಂದರೆ 0.20 ಕ್ಯಾರೆಟ್.

ಎರಡನೆಯದು ಲೆಕ್ಕದ್ದು, ಓಲೆ ಕೊಳ್ಳುವವರು ಬೀಳುವುದು ಇದರಲ್ಲೇ. ಬೆಲೆ ಕ್ಯಾರೆಟ್‌ಗೆ ಇಷ್ಟು ಅಂತ ಇರುತ್ತದೆ, ಆದರೆ ಹರಳು ದೊಡ್ಡದಾದಷ್ಟೂ ಆ ರೇಟೇ ಏರುತ್ತದೆ. ಒಂದು ಕ್ಯಾರೆಟ್‌ನ ಒಂದು ಹರಳಿನ ಬೆಲೆ ಅರ್ಧ ಕ್ಯಾರೆಟ್‌ನ ಎರಡಕ್ಕಿಂತ ತುಂಬ ಜಾಸ್ತಿ. ಏಳು ಕಲ್ಲಿನ ಓಲೆ ತಗೊಳ್ಳಿ. ಒಂದೊಂದು ಕಲ್ಲು ಹತ್ತು ಸೆಂಟ್ ಆದರೆ ಹದಿನಾಲ್ಕು ಕಲ್ಲಿಗೆ 1.40 ಕ್ಯಾರೆಟ್. ಇದಕ್ಕೆ ಹಾಕಬೇಕಾದ್ದು ಹತ್ತು ಸೆಂಟಿನ ಕಲ್ಲಿನ ರೇಟು. "ಒಟ್ಟು 1.40 ಕ್ಯಾರೆಟ್ ಸಾರ್" ಅಂತ ದೊಡ್ಡ ಹರಳಿನ ರೇಟು ಹೋಲಿಸಿ ತೋರಿಸಿ, "ನಮ್ಮದು ಎಷ್ಟು ಅಗ್ಗ ನೋಡಿ" ಅಂದರೆ ಆ ಹೋಲಿಕೆಗೆ ಅರ್ಥವಿಲ್ಲ. ಎರಡು ಅಂಗಡಿ ಹೋಲಿಸುವಾಗ ಒಟ್ಟು ತೂಕದ ಜೊತೆ ಕಲ್ಲಿನ ಸಂಖ್ಯೆಯನ್ನೂ ಬರೆದುಕೊಳ್ಳಿ.

ಒಂಟಿ ಹರಳಿನ ಉಂಗುರಕ್ಕಾದರೆ ಉಳಿತಾಯದ ದಾರಿ ಒಂದಿದೆ. 0.50, 0.70, 1.00 ಇಂಥ ಮೆಟ್ಟಿಲುಗಳಲ್ಲಿ ರೇಟು ಒಮ್ಮೆಲೇ ಜಿಗಿಯುತ್ತದೆ. 0.92 ಕ್ಯಾರೆಟ್‌ನ ದುಂಡು ಹರಳಿಗೂ 1.00 ಕ್ಯಾರೆಟ್‌ನದಕ್ಕೂ ಅಗಲದಲ್ಲಿ ಮಿಲಿಮೀಟರಿನ ಕಾಲು ಭಾಗವೂ ವ್ಯತ್ಯಾಸ ಇರಲ್ಲ. ಬೆರಳಿನಲ್ಲಿ ನೋಡಿದ ಯಾರೂ ಹೇಳಲಾರರು, ಬಿಲ್ಲು ಹೇಳುತ್ತದೆ.

4. ಕಟ್: ದುಡ್ಡು ಹಾಕಬೇಕಾದ್ದು ಇಲ್ಲಿ

ಕಟ್ ಅಂದ್ರೆ ದುಂಡು, ಚೌಕ, ಪಾನ್ ಅನ್ನುವ ಆಕಾರ ಅಲ್ಲ. ಸಾಣೆ ಹಿಡಿದವರು ಮುಖಗಳನ್ನು ಎಷ್ಟು ಸರಿಯಾದ ಕೋನಕ್ಕೆ ಕೂರಿಸಿದ್ದಾರೆ ಅನ್ನೋದು. ಬೆಲೆ ತೀರ್ಮಾನಿಸುವ ಉಳಿದ ಮೂರೂ, ಅಂದರೆ ತೂಕ, ಬಣ್ಣ, ಕ್ಲಾರಿಟಿ (ಒಳಗಿನ ಶುದ್ಧತೆ), ಭೂಮಿ ಕೊಟ್ಟಿದ್ದು. ಕಟ್ ಮಾತ್ರ ಮನುಷ್ಯರ ಕೈಕೆಲಸ, ಹೆಚ್ಚಾಗಿ ಸೂರತ್‌ನವರದು. ಜಗತ್ತಿನ ಬಹುಪಾಲು ವಜ್ರಕ್ಕೆ ಸಾಣೆ ಹಿಡಿಯುವುದು ಅಲ್ಲೇ.

ದುಂಡು ಬ್ರಿಲಿಯಂಟ್ ಹರಳಿಗೆ 57 ಅಥವಾ 58 ಮುಖಗಳು. ಮೇಲಿನಿಂದ ಬೆಳಕು ಒಳಗೆ ಇಳಿಯುತ್ತದೆ, ಕೆಳಗಿನ ಇಳಿಜಾರಿಗೆ ಬಡಿದು, ಎದುರಿನ ಇಳಿಜಾರಿಗೆ ಹಾರಿ, ಮತ್ತೆ ಮೇಲಕ್ಕೆ ಬಂದು ನಿಮ್ಮ ಕಣ್ಣು ಸೇರುತ್ತದೆ. ಹರಳು ತಟ್ಟೆಯ ಹಾಗೆ ಚಪ್ಪಟೆ ಆದರೆ ಬೆಳಕು ಕೆಳಗೆ ಸೋರಿಹೋಗುತ್ತದೆ, ಒಳಗೆ ಮೀನಿನ ಕಣ್ಣಿನಂಥ ಒಂದು ಬೂದು ಬಳೆ ಕಾಣುತ್ತದೆ. ಆಳ ಜಾಸ್ತಿ ಆದರೆ ನಡುಭಾಗ ಮೊಳೆಯ ತಲೆಯ ಹಾಗೆ ಕಪ್ಪಗಾಗುತ್ತದೆ. ಆಳ ಉಳಿಸಿಕೊಳ್ಳುವುದರಲ್ಲಿ ಕಟ್ ಮಾಡುವವರಿಗೆ ಲಾಭ ಇದೆ, ತೂಕ ಉಳಿಯುತ್ತದಲ್ವಾ! ಆ ತೂಕ ಹೊಟ್ಟೆಯಲ್ಲಿ ಅಡಗಿರುತ್ತದೆ, ಮೇಲಿನಿಂದ ಹರಳು ಸಣ್ಣದಾಗಿಯೇ ಕಾಣುತ್ತದೆ. ನೀವು ದುಡ್ಡು ಕೊಡುವುದು ಹೊಟ್ಟೆಗೂ ಸೇರಿಸಿ.

ಜಿಐಎ ದರ್ಜೆಗಳು ಐದು: ಎಕ್ಸಲೆಂಟ್, ವೆರಿ ಗುಡ್, ಗುಡ್, ಫೇರ್, ಪೂರ್. ದುಂಡು ಹರಳಿಗೆ ಇದನ್ನು ಕೊಡಲು ಶುರು ಮಾಡಿದ್ದು 2006ರಲ್ಲಿ, ಹಾಗಾಗಿ ಅದಕ್ಕಿಂತ ಹಳೇ ವರದಿಯಲ್ಲಿ ಈ ಸಾಲು ಇಲ್ಲದಿದ್ದರೆ ಗಾಬರಿ ಬೇಡ. ಒಂಟಿ ಹರಳಿಗೆ ಎಕ್ಸಲೆಂಟ್ ಕೇಳಿ. ವರದಿಯಲ್ಲಿ ಮೇಲಿನ ಸಮತಟ್ಟು ಮುಖದ ಅಗಲ, ಅಂದರೆ 'ಟೇಬಲ್', ಸುಮಾರು ಶೇ 53ರಿಂದ 58, ಒಟ್ಟು ಆಳ ಶೇ 59ರಿಂದ 62.5ರ ಒಳಗಿದ್ದರೆ ಒಳ್ಳೆಯ ಲಕ್ಷಣ.

ಎಚ್ಚರ: ಅಂಗಡಿಯ ದೀಪದ ಕೆಳಗೆ ಕಟ್ ನೋಡಬೇಡಿ. ಚಾವಣಿಯಲ್ಲಿ ಸಾಲಾಗಿ ಸಣ್ಣ ಎಲ್‌ಇಡಿ ದೀಪ ಹಾಕಿರುವುದು ಸುಮ್ನೆ ಅಲ್ಲ, ಅದರ ಕೆಳಗೆ ಅಮೆರಿಕನ್ ಡೈಮಂಡ್ ಕೂಡ ಕಿಡಿ ಕಾರುತ್ತದೆ. ಹರಳನ್ನು ಟ್ರೇಯಲ್ಲಿ ಇಟ್ಟುಕೊಂಡು ಬಾಗಿಲ ಹತ್ತಿರ ಬನ್ನಿ. ನಿಮ್ಮ ನೆರಳು ಅದರ ಮೇಲೆ ಬೀಳುವ ಹಾಗೆ ಸ್ವಲ್ಪ ಬಗ್ಗಿ ನೋಡಿ. ಒಳ್ಳೆ ಕಟ್ಟಿನ ಹರಳು ನೆರಳಲ್ಲೂ ಮಿನುಗುತ್ತಲೇ ಇರುತ್ತದೆ. ಕೆಟ್ಟದ್ದು ತಟ್ಟನೆ ಮಂಕಾಗುತ್ತದೆ.

5. ಬಣ್ಣ, ಮತ್ತೆ ನಮ್ಮ 'ಬ್ಲೂ ಜಾಗರ್'

ಬಣ್ಣದ ಅಕ್ಷರ ಶುರುವಾಗುವುದು ಡಿಯಿಂದ, ಮುಗಿಯುವುದು ಝಡ್‌ಗೆ. ಎ, ಬಿ, ಸಿ ಯಾಕಿಲ್ಲ? ಮೊದಲು ಒಬ್ಬೊಬ್ಬ ವ್ಯಾಪಾರಿ ಒಂದೊಂದು ಥರ ಎ, ಡಬಲ್ ಎ ಅಂತ ಬಳಸಿ ಕಲಸಿಹಾಕಿದ್ದರು. ಆ ಗೊಂದಲವೇ ಬೇಡ ಅಂತ 1950ರ ದಶಕದಲ್ಲಿ ಜಿಐಎ ಡಿಯಿಂದ ಹೊಸದಾಗಿ ಶುರು ಮಾಡಿತು. ಡಿ, ಇ, ಎಫ್ ಬಣ್ಣವಿಲ್ಲದ್ದು. ಜಿ, ಎಚ್, ಐ, ಜೆ ಹೆಚ್ಚುಕಡಿಮೆ ಬಣ್ಣವಿಲ್ಲದ್ದು. ಕೆಯಿಂದ ಆಚೆ ನಿಧಾನಕ್ಕೆ ಹಳದಿ ಕಾಣತೊಡಗುತ್ತದೆ.

ನೋಡುವ ರೀತಿ ಹೀಗೆ. ಬಿಳಿ ಹಾಳೆಯನ್ನು ನಡುವೆ ಮಡಚಿ ವಿ ಆಕಾರದ ಕಾಲುವೆ ಮಾಡಿ. ಹರಳನ್ನು ಮುಖ ಕೆಳಗೆ ಮಾಡಿ ಅದರಲ್ಲಿ ಮಲಗಿಸಿ, ಪಕ್ಕದಿಂದ ನೋಡಿ. ಮೇಲಿನಿಂದ ನೋಡಿದರೆ ಮಿಂಚು ಬಣ್ಣವನ್ನು ಮುಚ್ಚಿಬಿಡುತ್ತದೆ. ಹೋಲಿಸಲು ಇನ್ನೊಂದು ಹರಳನ್ನು ಪಕ್ಕದಲ್ಲೇ ಇಡಿ. ಒಂದನ್ನೇ ನೋಡಿ ಜಿ ಅಥವಾ ಐ ಅಂತ ಹೇಳುವುದು ಅನುಭವಸ್ಥರಿಗೂ ಕಷ್ಟ.

ಹಳದಿ ಚಿನ್ನದಲ್ಲಿ ಕೂರಿಸುವುದಾದರೆ ಡಿ, ಇಗೆ ದುಡ್ಡು ಸುರಿಯುವುದು ನನ್ನ ಲೆಕ್ಕದಲ್ಲಿ ದಂಡ. ಚಿನ್ನದ ಬಣ್ಣವೇ ಹರಳಿನೊಳಗೆ ಹೊಕ್ಕು ಕಾಣುತ್ತದೆ. ಜಿ ಅಥವಾ ಎಚ್ ಧಾರಾಳ ಸಾಕು. ಬಿಳಿ ಚಿನ್ನ, ಪ್ಲಾಟಿನಂ ಆದರೆ ಮಾತ್ರ ಒಂದೆರಡು ಮೆಟ್ಟಿಲು ಮೇಲೆ ಹೋಗಿ.

ಇನ್ನು ಬ್ಲೂ ಜಾಗರ್. ದಕ್ಷಿಣ ಭಾರತದ ವಜ್ರದ ಅಂಗಡಿಗಳಲ್ಲಿ ಈ ಮಾತು ಕೇಳೇ ಕೇಳುತ್ತೀರಿ. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೈನ್ ಗಣಿಯ ಹೆಸರಿನಿಂದ ಬಂದದ್ದು. ಬಿಳಿ ಹರಳಿನಲ್ಲಿ ಒಂದು ತೆಳು ನೀಲಿ ಛಾಯೆ. ಆ ನೀಲಿಗೆ ಕಾರಣ ಫ್ಲೋರೆಸೆನ್ಸ್, ಅಂದರೆ ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ತಾಗಿದಾಗ ಹರಳು ತಾನೇ ಮಂದವಾಗಿ ಹೊಳೆಯುವುದು. ತಮಾಷೆ ಏನಂದ್ರೆ, ನಮ್ಮಲ್ಲಿ ಇದಕ್ಕೆ ಜಾಸ್ತಿ ಕೇಳುತ್ತಾರೆ, ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಡಿ, ಇ, ಎಫ್ ಹರಳಿಗೆ ಬಲವಾದ ಫ್ಲೋರೆಸೆನ್ಸ್ ಇದ್ದರೆ ಬೆಲೆ ಕಡಿಮೆ ಮಾಡುತ್ತಾರೆ. ಕೆಲವದರಲ್ಲಿ ಹರಳು ಬಿಸಿಲಿಗೆ ಹಾಲು ಬೆರೆಸಿದ ಹಾಗೆ ಮಬ್ಬಾಗುವುದೂ ಉಂಟು. ವರದಿಯಲ್ಲಿ 'ಬ್ಲೂ ಜಾಗರ್' ಅಂತ ಯಾವ ದರ್ಜೆಯೂ ಇರುವುದಿಲ್ಲ. ಫ್ಲೋರೆಸೆನ್ಸ್ ಎದುರು ನನ್, ಫೇಂಟ್, ಮೀಡಿಯಂ, ಸ್ಟ್ರಾಂಗ್, ವೆರಿ ಸ್ಟ್ರಾಂಗ್ ಅಂತ ಇರುತ್ತದೆ. ಇಷ್ಟವಾದರೆ ತಗೊಳ್ಳಿ, ಆದರೆ ಆ ಹೆಸರಿಗೆ ಕೊಟ್ಟ ಹೆಚ್ಚಿನ ದುಡ್ಡು ಬೇರೆ ಊರಲ್ಲಿ ಮಾರುವಾಗ ವಾಪಸ್ ಬರುತ್ತದೆ ಅಂತ ಇಟ್ಟುಕೊಳ್ಳಬೇಡಿ.

6. ಕ್ಲಾರಿಟಿ: ಒಳಗೇನಿದೆ?

ಹರಳಿನೊಳಗಿನ ಚುಕ್ಕೆ, ಬಿರುಕು, ಮಬ್ಬು ಎಷ್ಟಿದೆ ಅನ್ನುವ ಲೆಕ್ಕ ಇದು. ಮೇಲಿನಿಂದ ಕೆಳಗೆ ಹನ್ನೊಂದು ಮೆಟ್ಟಿಲು: ಎಫ್‌ಎಲ್, ಐಎಫ್, ವಿವಿಎಸ್ 1 ಮತ್ತು 2, ವಿಎಸ್ 1 ಮತ್ತು 2, ಎಸ್‌ಐ 1 ಮತ್ತು 2, ಐ 1, 2, 3. ಎಲ್ಲವನ್ನೂ ಹತ್ತು ಪಟ್ಟು ದೊಡ್ಡದು ಮಾಡಿ ನೋಡಿ ಹೇಳಿದ್ದು. ವಿವಿಎಸ್‌ನಲ್ಲಿ ಇರುವ ಚುಕ್ಕೆ ಲೂಪಿನಲ್ಲೂ ಪಳಗಿದ ಕಣ್ಣಿಗೇ ಕಷ್ಟಪಟ್ಟು ಸಿಗುತ್ತದೆ. ವಿಎಸ್ ಕೂಡ ಬರಿಗಣ್ಣಿಗೆ ಶುದ್ಧವಾಗಿಯೇ ಕಾಣುತ್ತದೆ. ಆದರೂ ನಮ್ಮಲ್ಲಿ 'ವಿವಿಎಸ್ ಇಲ್ಲದಿದ್ದರೆ ಬೇಡ' ಅನ್ನುವ ಹಟ ಜೋರಾಗಿದೆ. ಆ ದುಡ್ಡನ್ನು ಕಟ್‌ಗೆ ಹಾಕಿ ಅಂತ ನಾನು ಹೇಳುತ್ತಲೇ ಇರುತ್ತೇನೆ, ಕೇಳುವವರು ಕಡಿಮೆ.

ಲೂಪ್ ಹಿಡಿಯುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಹೋಗಿ. ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಇಟ್ಟುಕೊಂಡು ಹರಳನ್ನು ಅದರ ಹತ್ತಿರ ತನ್ನಿ. ಸುಮಾರು ಒಂದು ಅಂಗುಲ ದೂರದಲ್ಲಿ ಸ್ಪಷ್ಟವಾಗುತ್ತದೆ. ಎರಡೂ ಕಣ್ಣು ತೆರೆದಿರಲಿ. ಮೊದಲು ಧೂಳು ಒರೆಸಿ, ಇಲ್ಲದಿದ್ದರೆ ಧೂಳನ್ನೇ ದೋಷ ಅಂದುಕೊಳ್ಳುತ್ತೀರಿ.

ದರ್ಜೆಯಷ್ಟೇ ಮುಖ್ಯ ಚುಕ್ಕೆ ಎಲ್ಲಿದೆ ಅನ್ನೋದು. ಅಂಚಿನಲ್ಲಿ ಇರುವ ಬಿಳಿ ಚುಕ್ಕೆಯನ್ನು ಹರಳನ್ನು ಹಿಡಿದಿರುವ ಚಿನ್ನದ ಕುಡಿ ಮುಚ್ಚಿಬಿಡುತ್ತದೆ. ಅದೇ ದರ್ಜೆಯಲ್ಲಿ ನಟ್ಟನಡುವೆ ಕಪ್ಪು ಚುಕ್ಕೆ ಇದ್ದರೆ ಬೇಡ ಅನ್ನಿ. ನಮ್ಮ ಜನ ಕಪ್ಪು ಚುಕ್ಕೆಯನ್ನು ದೋಷ ಅಂತ ನೋಡುವುದರಿಂದ ಮುಂದೆ ಕೊಳ್ಳುವವರೂ ಸಿಗಲ್ಲ. 'ಫೆದರ್' ಅಂದರೆ ಗರಿಯಂಥ ಬಿರುಕು, ಅದು ಅಂಚನ್ನು ಮುಟ್ಟಿದ್ದರೆ ಪೆಟ್ಟಿಗೆ ಒಡೆಯಬಹುದು. ಬಿರುಕಿಗೆ ಗಾಜಿನಂಥ ವಸ್ತು ತುಂಬಿ ಮುಚ್ಚಿದ ಹರಳುಗಳೂ ಇವೆ. ಅಕ್ಕಸಾಲಿಗರ ಬೆಂಕಿ ತಾಗಿದರೆ ಅದು ಹಾಳು. ಜಿಐಎ ಅಂಥದ್ದಕ್ಕೆ ದರ್ಜೆಯನ್ನೇ ಕೊಡುವುದಿಲ್ಲ.

7. ಓಲೆ, ಮೂಗುಬೊಟ್ಟಿನ ಸಣ್ಣ ಕಲ್ಲುಗಳಿಗೆ

ಸಣ್ಣ ಕಲ್ಲು ಒಂದೊಂದಕ್ಕೂ ಕಾಗದ ಮಾಡಿಸುವುದಿಲ್ಲ. ಗುಂಪಿಗೆ ಸೇರಿಸಿ 'ಇಎಫ್ ವಿವಿಎಸ್', 'ಐಜೆ ಎಸ್‌ಐ' ಅಂತ ಬರೆದಿರುತ್ತಾರೆ. ಇಎಫ್ ಅಂದರೆ ಎಲ್ಲವೂ ಎಫ್ ಇದ್ದರೂ ತಪ್ಪಿಲ್ಲ, ಹಾಗಾಗಿ ಬೆಲೆಯನ್ನು ಕೆಳಗಿನ ಅಕ್ಷರಕ್ಕೆ ಹೋಲಿಸಿ.

ಹಿಂದೆ ಚಿನ್ನದಿಂದ ಮುಚ್ಚಿದ ಕ್ಲೋಸ್ಡ್ ಸೆಟ್ಟಿಂಗ್ ಓಲೆಯಲ್ಲಿ ಪಕ್ಕದಿಂದ ನೋಡಲು ಆಗುವುದಿಲ್ಲ, ಬಣ್ಣ ಗೊತ್ತಾಗುವುದೇ ಇಲ್ಲ. ಇಲ್ಲಿ ಹಳಬರ ದಾರಿಯೇ ಸರಿ. ಬಿಡಿ ಕಲ್ಲುಗಳನ್ನು ಹಾಳೆಯ ಮೇಲೆ ಸುರಿಸಿ, ಹದಿನಾಲ್ಕನ್ನೂ ಒಟ್ಟಿಗೆ ಸಾಲಾಗಿ ಜೋಡಿಸಿ, ಒಂದೇ ಬಣ್ಣ, ಒಂದೇ ಅಗಲ ಇರುವುದನ್ನು ಆರಿಸಿ, ಆಮೇಲೆ ಕಟ್ಟಿಸುವುದು. ಒಂದು ಕಲ್ಲು ಹಳದಿ ತಿರುಗಿದ್ದರೆ ಸಾಲಿನಲ್ಲಿ ತಾನಾಗಿ ಎದ್ದು ಕಾಣುತ್ತದೆ.

ವಜ್ರ 'ಆಗಿ ಬರುತ್ತದಾ' ಅಂತ ನೋಡಲು ಕೆಲವು ದಿನ ಮನೆಗೆ ತಂದಿಟ್ಟುಕೊಳ್ಳುವ ಪದ್ಧತಿ ಗೊತ್ತಲ್ವಾ? ನಂಬಿಕೆ ನಿಮಗೆ ಬಿಟ್ಟದ್ದು. ನನಗಂತೂ ಅದು ತುಂಬ ಉಪಯೋಗದ ಪದ್ಧತಿ. ಅಡುಗೆಮನೆಯ ಟ್ಯೂಬ್‌ಲೈಟು, ಬೆಳಗಿನ ಬಿಸಿಲು, ಸಂಜೆಯ ಮೋಡದ ಬೆಳಕು, ಎಲ್ಲದರಲ್ಲೂ ಹರಳು ಹೇಗಿದೆ ಅಂತ ಗೊತ್ತಾಗುತ್ತದೆ. ಪರಿಚಯದ ಅಂಗಡಿಯಾದರೆ ಇವತ್ತಿಗೂ ಒಪ್ಪುತ್ತಾರೆ, ಕೇಳಿ ನೋಡಿ.

8. ಬಿಲ್ಲು

ಮೂರು ಸಾಲು ಬೇರೆ ಬೇರೆ ಇರಬೇಕು: ಚಿನ್ನ, ವಜ್ರ, ಮಜೂರಿ. ಎಲ್ಲ ಸೇರಿಸಿ ಒಂದೇ ಮೊತ್ತ ಬರೆದರೆ ಒಪ್ಪಬೇಡಿ.

ಚಿನ್ನದ ತೂಕದಿಂದ ಕಲ್ಲಿನ ತೂಕ ಕಳೆದಿದ್ದಾರಾ ನೋಡಿ. ಓಲೆಯ ಒಟ್ಟು ತೂಕ 9.280 ಗ್ರಾಂ, ವಜ್ರ 1.40 ಕ್ಯಾರೆಟ್ ಅಂತ ಇಟ್ಟುಕೊಳ್ಳಿ. 1.40 ಅನ್ನು 0.2ರಿಂದ ಗುಣಿಸಿದರೆ 0.280 ಗ್ರಾಂ. ಚಿನ್ನಕ್ಕೆ ದುಡ್ಡು ಕೊಡಬೇಕಾದ್ದು 9.000 ಗ್ರಾಂಗೆ ಮಾತ್ರ. ಕಳೆಯದಿದ್ದರೆ ವಜ್ರಕ್ಕೆ ಒಮ್ಮೆ ವಜ್ರದ ರೇಟು, ಇನ್ನೊಮ್ಮೆ ಚಿನ್ನದ ರೇಟು ಕೊಟ್ಟ ಹಾಗಾಯಿತು.

ಹಾಲ್‌ಮಾರ್ಕ್ ಮತ್ತು ಎಚ್‌ಯುಐಡಿ, ಅಂದರೆ ಒಡವೆಯ ಮೇಲೆ ಕೆತ್ತಿರುವ ಆರು ಅಕ್ಷರ-ಅಂಕಿಯ ಗುರುತು, ಚಿನ್ನಕ್ಕೆ ಸಂಬಂಧಿಸಿದ್ದು, ಬಿಐಎಸ್ ಕೇರ್ ಆ್ಯಪಿನಲ್ಲಿ ಪರೀಕ್ಷಿಸಬಹುದು. ವಜ್ರದ ಬಗ್ಗೆ ಅದು ಏನೂ ಹೇಳುವುದಿಲ್ಲ. ಆಭರಣಕ್ಕೆ ಜಿಎಸ್‌ಟಿ ಶೇ 3.

ವ್ಯಾಪಾರಿಗಳು 'ರ್ಯಾಪ್' ಅಂದರೆ ಅದು ರಾಪಾಪೋರ್ಟ್ ಪಟ್ಟಿ. 1978ರಿಂದ ಬರುತ್ತಿರುವ, ಡಾಲರಿನಲ್ಲಿ ದರ ಹೇಳುವ ಪಟ್ಟಿ. ವ್ಯಾಪಾರಿಗಳ ನಡುವೆ ಅದು ಚೌಕಾಸಿ ಶುರುವಾಗುವ ಜಾಗ ಮಾತ್ರ, ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಗೇ ಕೈ ಬದಲಾಗುತ್ತದೆ. "ರ್ಯಾಪ್‌ಗಿಂತ ಇಪ್ಪತ್ತು ಪರ್ಸೆಂಟ್ ಕಡಿಮೆಗೆ ಕೊಡ್ತಿದ್ದೀನಿ" ಅಂದರೆ ಹಿಗ್ಗಬೇಡಿ.

ವಾಪಸ್ ಕೊಟ್ಟರೆ ಎಷ್ಟು ಕೊಡುತ್ತೀರಿ ಅಂತ ಕೊಳ್ಳುವ ಮೊದಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿ. ಬದಲಾಯಿಸಿಕೊಂಡರೆ ಎಷ್ಟು, ನಗದು ಕೇಳಿದರೆ ಎಷ್ಟು, ಎರಡೂ ಬೇರೆ. ಲೆಕ್ಕ ಕೊಂಡ ದಿನದ ಬೆಲೆಗೋ, ಮಾರುವ ದಿನದ ಬೆಲೆಗೋ ಅನ್ನುವುದನ್ನೂ ಕೇಳಿ. ಮಜೂರಿ ಮತ್ತು ತೆರಿಗೆ ಹೋದ ಹಾಗೇ.

9. ಮನೆಗೆ ತಂದ ಮೇಲೆ

ವರದಿ, ಬಿಲ್ಲು ಎರಡರ ಫೋಟೋ ತೆಗೆದು ಇಟ್ಟುಕೊಳ್ಳಿ. ವರದಿ ಒಡವೆಯ ಜೊತೆ ಒಂದೇ ಡಬ್ಬಿಯಲ್ಲಿ ಬೇಡ, ಹೋದರೆ ಎರಡೂ ಹೋಗುತ್ತವೆ. ವರ್ಷಕ್ಕೊಮ್ಮೆ ಕುಡಿಗಳು ಸಡಿಲ ಆಗಿವೆಯಾ ಅಂತ ಅಕ್ಕಸಾಲಿಗರ ಹತ್ತಿರ ತೋರಿಸಿ.

ವಜ್ರಕ್ಕೆ ಜಿಡ್ಡು ಬಹಳ ಬೇಗ ಅಂಟುತ್ತದೆ. ಗಣಿಗಳಲ್ಲಿ ಜಲ್ಲಿಯಿಂದ ವಜ್ರ ಬೇರೆ ಮಾಡಲು ಗ್ರೀಸ್ ಹಚ್ಚಿದ ಮೇಜನ್ನೇ ಬಳಸುತ್ತಿದ್ದರು. ತಲೆಗೆ ಎಣ್ಣೆ ಹಚ್ಚುವ ನಮ್ಮ ಮನೆಗಳಲ್ಲಿ ಓಲೆ ಮಂಕಾದರೆ ಹರಳು ಹಾಳಾಯಿತು ಅಂತ ಹೆದರುವುದು ಬೇಡ. ಹಿಂದೆ ತೆರೆದಿರುವ ಒಡವೆಯನ್ನು ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಮೆತ್ತನೆ ಬ್ರಷ್ಷಿನಿಂದ ಹಿಂಬದಿಯನ್ನು ಉಜ್ಜಿ. ಹಿಂದೆ ಮುಚ್ಚಿದ ಓಲೆಯನ್ನು ಮಾತ್ರ ನೆನೆಸಬೇಡಿ, ನೀರು ಒಳಗೆ ಸೇರಿದರೆ ಹೊರಗೆ ಬರಲು ದಾರಿ ಇಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ಸಾಕು. ತೊಳೆಯುವ ಕೆಲಸ ಬೋಗುಣಿಯಲ್ಲಿ ಮಾಡಿ, ಸಿಂಕಿನಲ್ಲಿ ಬೇಡ.